ಆರ್‌ವಿ-7ರ ವೈರಿಂಗ್: ಬ್ಯಾಟರಿ, ಆಲ್ಟರ್ನೇಟರ್, ಎರಡಕ್ಕೂ ಒಂದೇ ಸ್ವಿಚ್

ತಗಡಿನ ಕೆಲಸ ಮುಗಿಯಿತು. ಎಂಜಿನ್ ಕೂತಿದೆ. ಈ ಬೇಸಿಗೆ ಪೂರ್ತಿ ಕರೆಂಟಿನ ಕೆಲಸ.

ನಾನು ಕಟ್ಟುತ್ತಿರುವುದು ವ್ಯಾನ್ಸ್ ಕಂಪನಿಯ ಆರ್‌ವಿ-7. ಇಬ್ಬರು ಅಕ್ಕಪಕ್ಕ ಕೂರುವ ಪುಟ್ಟ ವಿಮಾನ. ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆದು ಜೋಡಿಸುವಂಥದ್ದು. ಕಿಟ್ ಬರುವುದು ಒರೆಗಾನ್‌ನ ಅರೋರಾದಿಂದ. ನನ್ನ ಹ್ಯಾಂಗರ್ ಇರುವುದೂ ಅದೇ ರಾಜ್ಯದಲ್ಲಿ. ಎಂಜಿನ್ ಲೈಕಮಿಂಗ್ ಒ-360, 180 ಹಾರ್ಸ್‌ಪವರ್. ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ಹವ್ಯಾಸಕ್ಕೆ ಕಟ್ಟುವವರೇ ಮಾಡಿದ್ದರೆ ಅಮೆರಿಕದಲ್ಲಿ ಆ ವಿಮಾನಕ್ಕೆ 'ಎಕ್ಸ್‌ಪೆರಿಮೆಂಟಲ್' ವರ್ಗದಲ್ಲಿ ಹಾರುವ ಅನುಮತಿ ಸಿಗುತ್ತದೆ. ತಗಡಿನ ವಿಷಯದಲ್ಲಿ ಕಿಟ್‌ನವರು ತೂತು ತೂತಿಗೂ ನಕ್ಷೆ ಕೊಟ್ಟಿರುತ್ತಾರೆ. ವೈರಿಂಗ್ ಮಾತ್ರ ಬಹುಮಟ್ಟಿಗೆ ಕಟ್ಟುವವರ ಇಷ್ಟಕ್ಕೇ ಬಿಟ್ಟದ್ದು. ಹಾಗಾಗಿ ಏನು ಮಾಡಿದೆ ಅನ್ನುವುದರ ಜೊತೆಗೆ ಯಾಕೆ ಮಾಡಿದೆ ಅಂತಲೂ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ವಿಮಾನದ ವೈರಿಂಗ್‌ನಲ್ಲಿ ದೀಪ ಹತ್ತುತ್ತದಾ, ರೇಡಿಯೊ ಮಾತಾಡುತ್ತದಾ ಅನ್ನುವುದು ಸುಲಭದ ಪ್ರಶ್ನೆ. ಬೇಕೆಂದಾಗ ಆರುತ್ತದಾ ಅನ್ನುವುದೇ ಕಷ್ಟದ್ದು. ಕಾರಿನಲ್ಲಿ ಹೊಗೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಇಳಿದು ಓಡಬಹುದು. ಇಲ್ಲಿ ಆಗಲ್ಲ. ನನ್ನ ಎಂಜಿನ್‌ಗೆ ಬ್ಯಾಟರಿಯ ಹಂಗಿಲ್ಲದೆ ತಾವೇ ಕಿಡಿ ಕೊಡುವ ಎರಡು ಮ್ಯಾಗ್ನೆಟೊ ಇವೆ, ಪೆಟ್ರೋಲ್ ಪಂಪನ್ನು ಎಂಜಿನ್ನೇ ತಿರುಗಿಸುತ್ತದೆ. ಅಂದರೆ ಬ್ಯಾಟರಿ, ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್, ಎರಡನ್ನೂ ತೆಗೆದುಬಿಟ್ಟರೂ ಎಂಜಿನ್ ಓಡುತ್ತಲೇ ಇರುತ್ತದೆ. ಹೊಗೆ ಕಂಡರೆ ಕರೆಂಟನ್ನು ಪೂರ್ತಿ ಕಡಿದು ಹಾರುತ್ತಾ ಇರಬಹುದು. ಆ ಅನುಕೂಲ ಉಳಿಯಬೇಕಾದರೆ ಒಂದೇ ಏಟಿಗೆ ಎಲ್ಲವೂ ಆರಬೇಕು. ನನ್ನ ಇಡೀ ನಕ್ಷೆ ಇದರ ಸುತ್ತಲೇ ಇದೆ.

ಬ್ಯಾಟರಿಯಿಂದ ಶುರು ಮಾಡೋಣ. ಒಡಿಸ್ಸಿ ಪಿಸಿ680. ಸುಮಾರು 7 ಕೆಜಿ ತೂಕ, 16 ಆಂಪ್-ಅವರ್. ಫೈರ್‌ವಾಲ್‌ನ (ಎಂಜಿನ್‌ಗೂ ಕಾಕ್‌ಪಿಟ್‌ಗೂ ನಡುವೆ ಬೆಂಕಿ ತಡೆಯುವ ಗೋಡೆ) ಎಂಜಿನ್ ಕಡೆಯ ಪೆಟ್ಟಿಗೆಯಲ್ಲಿ ಕೂತಿದೆ. ಸ್ಟಾರ್ಟರ್ ತಿರುಗುವಾಗ ಇದರಿಂದ 200 ಆಂಪ್ ಹತ್ತಿರ ಹರಿಯುತ್ತದೆ. ಅಷ್ಟು ಕರೆಂಟನ್ನು ಪ್ಯಾನೆಲ್‌ನ ಸ್ವಿಚ್ಚಿಗೆ ತರುವ ಹಾಗಿಲ್ಲ. ಅದಕ್ಕೇ ಬ್ಯಾಟರಿ ಪಕ್ಕದಲ್ಲೇ ಒಂದು ಕಾಂಟಾಕ್ಟರ್. ಬೋರ್‌ವೆಲ್ ಸ್ಟಾರ್ಟರ್ ಡಬ್ಬಿಯಲ್ಲಿ 'ಟಕ್' ಅನ್ನುತ್ತದಲ್ಲ, ಅದೇ ಜಾತಿ. ಒಳಗೆ ಸಣ್ಣ ಕಾಯಿಲ್. ಅದಕ್ಕೆ ಒಂದು ಆಂಪ್‌ಗಿಂತ ಕಡಿಮೆ ಕರೆಂಟ್ ಕೊಟ್ಟರೆ ದಪ್ಪ ತಾಮ್ರದ ಸಂಪರ್ಕ ಕೂಡಿಕೊಳ್ಳುತ್ತದೆ.

ಅಂಗಡಿಯಲ್ಲಿ ಒಂದೇ ಥರ ಕಾಣುವ ಎರಡು ಕಾಂಟಾಕ್ಟರ್ ಸಿಗುತ್ತವೆ. ಒಂದು ನಿರಂತರ ಕೆಲಸದ್ದು, ಇನ್ನೊಂದು ಸ್ಟಾರ್ಟರ್‌ಗೆ ಅಂತ ಮಾಡಿದ್ದು. ಸ್ಟಾರ್ಟರ್‌ನದ್ದು ಮೂರು-ನಾಲ್ಕು ಆಂಪ್ ಎಳೆಯುತ್ತದೆ. ಕೆಲವು ಸೆಕೆಂಡ್ ಮಾತ್ರ ಹಾಕಿಡಲು ತಕ್ಕದ್ದು. ಅದನ್ನು ಬ್ಯಾಟರಿಗೆ ಹಾಕಿದರೆ ಕಾಯಿಲ್ ಕಾದು ಸುಟ್ಟುಹೋಗುತ್ತದೆ. ಅದಕ್ಕೇ ಕೂರಿಸುವ ಮೊದಲು ಎರಡನ್ನೂ ಟೇಬಲ್ ಮೇಲಿಟ್ಟು ಮೀಟರ್ ಹಿಡಿದೆ. ಬ್ಯಾಟರಿಯದ್ದು ಸುಮಾರು 15 ಓಮ್ ತೋರಿಸಿತು. ಸ್ಟಾರ್ಟರ್‌ನದ್ದು ನಾಲ್ಕು ಓಮ್ ಚಿಲ್ಲರೆ. ಹೊರಗಿನ ಬಣ್ಣ, ಆಕಾರ ನಂಬುವುದಕ್ಕಿಂತ ಈ ಅಳತೆ ವಾಸಿ.

ಬ್ಯಾಟರಿ ಕಾಂಟಾಕ್ಟರ್‌ನ ಕಾಯಿಲ್‌ನ ಒಂದು ತುದಿ ಒಳಗಡೆಯೇ ಬ್ಯಾಟರಿ ಬೋಲ್ಟಿಗೆ ಸೇರಿರುತ್ತದೆ. ಇನ್ನೊಂದು ತುದಿ ಸಣ್ಣ ಟರ್ಮಿನಲ್ ಆಗಿ ಹೊರಗೆ ಬರುತ್ತದೆ. ಮಾಸ್ಟರ್ ಸ್ವಿಚ್ ಮಾಡುವುದು ಇಷ್ಟೇ: ಆ ಟರ್ಮಿನಲ್ಲನ್ನು ಗ್ರೌಂಡಿಗೆ, ಅಂದರೆ ಬ್ಯಾಟರಿ ಮೈನಸ್ ಸೇರಿರುವ ವಿಮಾನದ ಮೈಗೆ, ಮುಟ್ಟಿಸುವುದು. ಇದರಲ್ಲಿ ಒಂದು ಜಾಣತನ ಇದೆ. ಈ ಸ್ವಿಚ್ಚಿಗೋಸ್ಕರ ಬ್ಯಾಟರಿಯ ಪ್ಲಸ್ ವೈರನ್ನು ಕಾಕ್‌ಪಿಟ್ ಒಳಗೆ ತರಬೇಕಾಗಿಲ್ಲ. ಸ್ವಿಚ್ಚಿಗೆ ಹೋಗುವ ವೈರು ಎಲ್ಲೋ ತಗಡಿಗೆ ಉಜ್ಜಿ ಸಿಪ್ಪೆ ಹೋಯಿತು ಅಂದುಕೊಳ್ಳಿ. ಕಿಡಿ ಹಾರುವುದಿಲ್ಲ, ಬೆಂಕಿ ಇಲ್ಲ. ಕಾಂಟಾಕ್ಟರ್ ಮುಚ್ಚಿಕೊಂಡೇ ಇರುತ್ತದೆ, ಅಷ್ಟೆ. ಅಷ್ಟೆ ಅಂದರೂ ಅದು ಸಣ್ಣ ವಿಷಯ ಅಲ್ಲ. ಮಾಸ್ಟರ್ ಆಫ್ ಮಾಡಿದರೂ ಆಫ್ ಆಗದ ಸ್ಥಿತಿ ಅದು. ಹಾಗಾಗಿ ಆ ಒಂದು ವೈರಿಗೆ ಫೈರ್‌ವಾಲ್ ದಾಟುವ ಕಡೆ ರಬ್ಬರ್ ಗ್ರಾಮೆಟ್ ಮಾತ್ರ ಸಾಕು ಅನ್ನಿಸಲಿಲ್ಲ. ಸ್ಟೀಲ್ ಕೊಳವೆ, ಅದರ ಮೇಲೆ ಬೆಂಕಿ ತಡೆಯುವ ತೋಳು, ಎರಡೂ ತುದಿಯಲ್ಲಿ ಕ್ಲ್ಯಾಂಪ್. ಉಳಿದ ವೈರುಗಳೂ ಅದೇ ದಾರಿಯಲ್ಲಿ ಬಂದವು.

ಕಾಯಿಲ್‌ಗೆ ಅಡ್ಡವಾಗಿ ಒಂದು ಡಯೋಡ್ ಬೇಕು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಸಾಮಾನು. ಕೆಲವೇ ರೂಪಾಯಿಯ 1ಎನ್4007 ಸಾಕು. ಸ್ವಿಚ್ ಬಿಟ್ಟ ಕೂಡಲೇ ಕಾಯಿಲ್‌ನಲ್ಲಿದ್ದ ಕಾಂತಶಕ್ತಿ ನೂರಾರು ವೋಲ್ಟ್‌ನ ಏಟಾಗಿ ತಿರುಗಿ ಬರುತ್ತದೆ. ಆ ಏಟು ಬೀಳುವುದು ಸ್ವಿಚ್ಚಿನ ಸಂಪರ್ಕಗಳ ಮೇಲೆ. ಪ್ರತಿ ಸಲ ಸಣ್ಣ ಕಿಡಿ, ಪ್ರತಿ ಸಲ ಸಣ್ಣ ಗುಳಿ. ಡಯೋಡ್ ಇದ್ದರೆ ಅದು ಅಲ್ಲಲ್ಲೇ ಸುತ್ತಿ ಸಾಯುತ್ತದೆ. ಬೆಳ್ಳಿ ಪಟ್ಟಿ ಇರುವ ತುದಿ ಬ್ಯಾಟರಿ ಬೋಲ್ಟಿನ ಕಡೆ ಇರಬೇಕು. ಉಲ್ಟಾ ಹಾಕಿದರೆ ಸ್ವಿಚ್ ಹಾಕಿದ ತಕ್ಷಣ ಡಯೋಡೇ ಶಾರ್ಟ್ ಆಗುತ್ತದೆ.

ಈಗ ಸ್ವಿಚ್. ಕಾರ್ಖಾನೆಯಿಂದ ಬರುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಕೆಂಪು ಬಣ್ಣದ ಜೋಡಿ ಸ್ವಿಚ್ ಇರುತ್ತದೆ. ಒಂದು ಅರ್ಧ ಬ್ಯಾಟರಿಗೆ, ಇನ್ನೊಂದು ಅರ್ಧ ಆಲ್ಟರ್ನೇಟರ್‌ಗೆ. ಆಲ್ಟರ್ನೇಟರ್ ಒಂದನ್ನೇ ಆಫ್ ಮಾಡಬಹುದು. ಬ್ಯಾಟರಿ ಆಫ್ ಮಾಡಿದರೆ ಮಾತ್ರ ಆಲ್ಟರ್ನೇಟರ್ ಅರ್ಧವೂ ಜೊತೆಗೇ ಬೀಳುತ್ತದೆ. ಮನೆಯಲ್ಲಿ ಕಟ್ಟುವ ಕೆಲವರು ನೋಡಲು ಚೆನ್ನಾಗಿರಲಿ ಅಂತ ಎರಡು ಬೇರೆ ಬೇರೆ ಟಾಗಲ್ ಸ್ವಿಚ್ ಹಾಕುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಆಲ್ಟರ್ನೇಟರ್ ತಿರುಗುತ್ತಾ ಕರೆಂಟ್ ಕೊಡುತ್ತಿರುವಾಗ ಬ್ಯಾಟರಿ ಮಾತ್ರ ಕಳಚಿಕೊಂಡರೆ ಎರಡು ಅಪಾಯ. ಒಂದು, ವೋಲ್ಟೇಜ್ ಹತೋಟಿ ತಪ್ಪುತ್ತದೆ. ಏರಿಳಿತವನ್ನೆಲ್ಲ ನುಂಗಿಕೊಳ್ಳುತ್ತಿದ್ದದ್ದು ಬ್ಯಾಟರಿಯೇ. ಅದು ಹೋದ ಕ್ಷಣಕ್ಕೆ ಆಲ್ಟರ್ನೇಟರ್ 30 ಆಂಪ್ ಚಾರ್ಜ್ ಕೊಡುತ್ತಿದ್ದರೆ ಆ 30 ಆಂಪ್‌ಗೆ ಹೋಗಲು ಜಾಗ ಇರುವುದಿಲ್ಲ. ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತದೆ. ರೇಡಿಯೊ, ಸ್ಕ್ರೀನ್ ಎಲ್ಲ ಆ ಏಟು ತಿನ್ನಬೇಕು. ಎರಡನೆಯದು ಇನ್ನೂ ದೊಡ್ಡದು. ಹೊಗೆ ಬಂದಾಗ ಗಾಬರಿಯಲ್ಲಿ ಪೈಲಟ್ ಬ್ಯಾಟರಿ ಸ್ವಿಚ್ ಒಂದನ್ನೇ ಆರಿಸಿದರೆ ಆಲ್ಟರ್ನೇಟರ್ ಬಸ್‌ಗೆ (ಉಪಕರಣಗಳಿಗೆಲ್ಲ ಕರೆಂಟ್ ಹಂಚುವ ಪಟ್ಟಿ) ಕರೆಂಟ್ ಕೊಡುತ್ತಲೇ ಇರಬಹುದು. ಆರಿಸಿದೆ ಅಂದುಕೊಂಡಿರುತ್ತಾರೆ, ಒಳಗೆ ವೈರು ಸುಡುತ್ತಲೇ ಇರುತ್ತದೆ. ಬ್ಯಾಟರಿ ಇಲ್ಲದೆ ಆಲ್ಟರ್ನೇಟರ್ ಹತ್ತುವುದಕ್ಕೆ ದಾರಿಯೇ ಇರಬಾರದು. ಚೆಕ್‌ಲಿಸ್ಟ್ ಓದಿ ನೆನಪಿಟ್ಟುಕೊಳ್ಳುವ ಕೆಲಸವನ್ನು ಸ್ವಿಚ್ಚೇ ಮಾಡಿದರೆ ಒಳ್ಳೇದಲ್ವಾ?

ನಾನು ಹಾಕಿದ್ದು ಮೂರು ಹಂತದ ಒಂದೇ ಟಾಗಲ್. ಪೂರ್ತಿ ಕೆಳಗೆ ಇದ್ದರೆ ಎರಡೂ ಆಫ್. ನಡುವೆ ಬ್ಯಾಟರಿ ಮಾತ್ರ. ಪೂರ್ತಿ ಮೇಲೆ ಬ್ಯಾಟರಿ ಮತ್ತು ಆಲ್ಟರ್ನೇಟರ್. ಕೈಯಲ್ಲಿ ಒತ್ತಿ ಕೆಳಗೆ ಹೊಡೆದರೆ ಎಲ್ಲವೂ ಸಾಯುತ್ತದೆ. ಈ ಥರದ ಸ್ವಿಚ್ ನೋಡಲು ಮಾಮೂಲಿ ಆರು ಕಾಲಿನ ಟಾಗಲ್‌ನಂತೆಯೇ ಇರುತ್ತದೆ. ಒಳಗಿನ ನಡೆ ಬೇರೆ. ಒಂದು ಸಾಲು ನಡುವಿನ ಹಂತದಲ್ಲೇ ಕೂಡುತ್ತದೆ, ಇನ್ನೊಂದು ಸಾಲು ಕೊನೇ ಹಂತದಲ್ಲಿ ಮಾತ್ರ. ಕಾಲುಗಳ ನಂಬರು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಬೇರೆಯವರ ನಕ್ಷೆ ನೋಡಿ ವೈರ್ ಹಾಕಬೇಡಿ. ಮೂರೂ ಹಂತದಲ್ಲಿಟ್ಟು ಮೀಟರ್‌ನ 'ಕೀಂಯ್' ಶಬ್ದ ಕೇಳಿ ಕಾಗದದ ಮೇಲೆ ಬರೆದುಕೊಳ್ಳಿ. ನಾನು ಹಾಗೇ ಬರೆದು, ಆ ಚೀಟಿಯನ್ನೇ ಸ್ವಿಚ್ಚಿನ ಹಿಂದೆ ಅಂಟಿಸಿ ಕೆಲಸ ಮಾಡಿದೆ.

ಆಲ್ಟರ್ನೇಟರ್ 60 ಆಂಪ್‌ನದ್ದು. ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಹೊರಗೆ ಇರುವಂಥದ್ದನ್ನೇ ಆಯ್ದುಕೊಂಡೆ. ಕಾರಿನ ಆಲ್ಟರ್ನೇಟರ್‌ನಲ್ಲಿ ರೆಗ್ಯುಲೇಟರ್ ಒಳಗೇ ಇರುತ್ತದೆ, ಬೆಲೆಯೂ ಕಡಿಮೆ. ಆದರೆ ಅದರಲ್ಲಿ ಸ್ವಿಚ್ಚಿನಿಂದ ಹೋಗುವ ವೈರು ಒಳಗಿನ ಚಿಪ್‌ಗೆ 'ಏಳು', 'ಮಲಗು' ಅಂತ ಹೇಳುತ್ತದೆ ಅಷ್ಟೆ. ಆ ಚಿಪ್ಪೇ ಕೆಟ್ಟು ಫೀಲ್ಡನ್ನು (ತಿರುಗುವ ರೋಟರ್‌ನಲ್ಲಿ ಕಾಂತ ಹುಟ್ಟಿಸುವ ಕಾಯಿಲ್) ಪೂರ್ತಿ ತೆರೆದು ಕೂತರೆ ನನ್ನ ಸ್ವಿಚ್ಚಿನ ಮಾತನ್ನು ಕೇಳುವವರಿಲ್ಲ. ಹೊರಗಿನ ರೆಗ್ಯುಲೇಟರ್‌ನಲ್ಲಿ ಫೀಲ್ಡ್ ಕರೆಂಟ್ ನನ್ನ ಬ್ರೇಕರ್, ನನ್ನ ಸ್ವಿಚ್ ದಾಟಿಯೇ ಹೋಗಬೇಕು. ಅದನ್ನು ಕಡಿದರೆ ರೋಟರ್‌ನಲ್ಲಿ ಕಾಂತ ಇಲ್ಲ, ಕಾಂತ ಇಲ್ಲದಿದ್ದರೆ ಕರೆಂಟೂ ಇಲ್ಲ. ಮೂರು ಆಂಪ್‌ನ ಸಣ್ಣ ವೈರು ಕಡಿದು 60 ಆಂಪ್ ನಿಲ್ಲಿಸಬಹುದು.

ಎಲ್ಲ ವಿಮಾನದಲ್ಲೂ ಹೀಗೆ ಆಗುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ಮಾಡಿದ ಪುಟ್ಟ ವಿಮಾನ ಹಂಸ-3ರಲ್ಲಿದ್ದದ್ದು ರೋಟಾಕ್ಸ್ 914 ಎಂಜಿನ್. ರೋಟಾಕ್ಸ್ ಎಂಜಿನ್ನಿನ ಒಳಗಿನ ಜನರೇಟರ್‌ಗೆ ಶಾಶ್ವತ ಅಯಸ್ಕಾಂತ. ಅಲ್ಲಿ ಕಡಿಯಲು ಫೀಲ್ಡ್ ಅನ್ನುವುದೇ ಇಲ್ಲ. ಅಂಥ ಜನರೇಟರನ್ನು ಬೇರ್ಪಡಿಸಬೇಕಾದರೆ ದಪ್ಪ ವೈರನ್ನೇ ಕಡಿಯಬೇಕು. ರೋಟಾಕ್ಸ್ ಹಾಕುವವರು ನನ್ನ ನಕ್ಷೆಯನ್ನು ಹಾಗೇ ಎತ್ತಿಕೊಳ್ಳಬಾರದು.

ಫೀಲ್ಡ್ ದಾರಿ ಹೀಗಿದೆ: ಮೇನ್ ಬಸ್‌ನಿಂದ 5 ಆಂಪ್ ಬ್ರೇಕರ್, ಅಲ್ಲಿಂದ ಸ್ವಿಚ್ಚಿನ ಎರಡನೇ ಸಾಲು, ಅಲ್ಲಿಂದ ರೆಗ್ಯುಲೇಟರ್, ಕೊನೆಗೆ ಆಲ್ಟರ್ನೇಟರ್‌ನ ಫೀಲ್ಡ್ ಟರ್ಮಿನಲ್. ಉಳಿದ ಕಡೆಯೆಲ್ಲ ಫ್ಯೂಸ್ ಹಾಕಿದ್ದೇನೆ. ಇಲ್ಲಿ ಮಾತ್ರ ಒತ್ತುವ ಬ್ರೇಕರ್. ಕಾರಣ ಇದೆ. ರೆಗ್ಯುಲೇಟರ್ ಒಳಗೆ ಓವರ್‌ವೋಲ್ಟೇಜ್ ಕಾವಲು ಇದೆ. ಬಸ್ 16 ವೋಲ್ಟ್ ಆಸುಪಾಸು ದಾಟಿದರೆ ಅದು ಬೇಕೆಂದೇ ಫೀಲ್ಡ್ ವೈರನ್ನು ಗ್ರೌಂಡಿಗೆ ಶಾರ್ಟ್ ಮಾಡುತ್ತದೆ. ಬ್ರೇಕರ್ ಹಾರುತ್ತದೆ, ಆಲ್ಟರ್ನೇಟರ್ ಸಾಯುತ್ತದೆ. ಯಾವುದೋ ಕ್ಷಣಿಕ ಏಟಿಗೆ ಹಾರಿದ್ದರೆ ಒಂದು ಸಲ ಒತ್ತಿ ನೋಡಬಹುದು. ಫ್ಯೂಸ್ ಆಗಿದ್ದರೆ ಅದೂ ಇಲ್ಲ.

ದಪ್ಪ ವೈರಿನ ವಿಷಯ ಬೇಗ ಮುಗಿಸುತ್ತೇನೆ. ಆಲ್ಟರ್ನೇಟರ್‌ನಿಂದ 8 ಗೇಜ್ ವೈರು ಫೈರ್‌ವಾಲ್ ಮೇಲಿನ 60 ಆಂಪ್ ಕರೆಂಟ್ ಲಿಮಿಟರ್‌ಗೆ (ದೊಡ್ಡ ಫ್ಯೂಸ್‌ನಂಥದ್ದು) ಬಂದು, ಅಲ್ಲಿಂದ ಸ್ಟಾರ್ಟರ್ ಕಾಂಟಾಕ್ಟರ್‌ನ ಬ್ಯಾಟರಿ ಕಡೆಯ ಬೋಲ್ಟಿಗೆ ಸೇರುತ್ತದೆ. ಕಾಕ್‌ಪಿಟ್‌ಗೆ ಬರುವುದಿಲ್ಲ. ಆ ಲಿಮಿಟರ್ ಇರುವುದು ಆಲ್ಟರ್ನೇಟರ್ ಜಾಸ್ತಿ ಕೊಟ್ಟೀತು ಅಂತ ಅಲ್ಲ. ಅದರ ಕೈಲಿ 60ಕ್ಕಿಂತ ಬಹಳ ಜಾಸ್ತಿ ಆಗುವುದೂ ಇಲ್ಲ. ಒಳಗಿನ ಡಯೋಡ್ ಶಾರ್ಟ್ ಆದರೆ ಬ್ಯಾಟರಿಯ ನೂರಾರು ಆಂಪ್ ತಿರುಗಿ ಆಲ್ಟರ್ನೇಟರ್‌ಗೆ ನುಗ್ಗುತ್ತದೆ. ತಡೆಯಬೇಕಾದ್ದು ಅದನ್ನು. ಊರಿನ ಲೆಕ್ಕದಲ್ಲಿ ಹೇಳುವುದಾದರೆ 8 ಗೇಜ್ ಅಂದರೆ 8.4 ಸ್ಕ್ವೇರ್ ಎಂಎಂ. ಬ್ಯಾಟರಿ ಕೇಬಲ್ 4 ಗೇಜ್, ಸುಮಾರು 21 ಸ್ಕ್ವೇರ್ ಎಂಎಂ. ಫೀಲ್ಡ್ ವೈರು 20 ಗೇಜ್, ಬರೀ ಅರ್ಧ ಸ್ಕ್ವೇರ್ ಎಂಎಂ. ಸಣ್ಣ ವೈರುಗಳ ಸಿಪ್ಪೆಯೆಲ್ಲ ಟೆಫ್ಜೆಲ್, 150 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಮನೆಗೆ ಹಾಕುವ ಪಿವಿಸಿ ವೈರು ಸುಟ್ಟರೆ ಬರುವ ಹೊಗೆ ಉಸಿರುಗಟ್ಟಿಸುತ್ತದೆ. ಅದಕ್ಕೆ ಇಲ್ಲಿ ಜಾಗ ಇಲ್ಲ.

ಗ್ರೌಂಡ್ ಕೆಲಸ ಮಾಡುವಾಗ ಅಪ್ಪ ಇಲ್ಲೇ ಇದ್ದರು. ಕೆಇಬಿಯಲ್ಲಿ ಲೈನ್‌ಮ್ಯಾನ್ ಆಗಿ ದುಡಿದವರು. ಹ್ಯಾಂಗರ್‌ಗೆ ಬಂದವರು ಸ್ಕ್ರೀನು, ರೇಡಿಯೊ ಯಾವುದನ್ನೂ ನೋಡಲಿಲ್ಲ. "ಅರ್ಥ್ ಎಲ್ಲಿ ತಗೊಂಡಿದ್ದೀಯ, ಮೊದ್ಲು ಅದನ್ನ ತೋರ್ಸು ಕಣೋ" ಅಂದರು. ಫೈರ್‌ವಾಲ್‌ಗೆ ಹಾಕಿದ್ದ ಹಿತ್ತಾಳೆ ಬೋಲ್ಟ್ ತೋರಿಸಿದೆ. ಬ್ಯಾಟರಿ ಮೈನಸ್, ಎಂಜಿನ್ ಪಟ್ಟಿ, ಒಳಗಿನ ಎಲ್ಲ ಉಪಕರಣದ ಗ್ರೌಂಡ್, ಎಲ್ಲ ಆ ಒಂದೇ ಬೋಲ್ಟಿಗೆ. ಅವರು ಬೆರಳಲ್ಲಿ ಉಜ್ಜಿ ನೋಡಿ, "ಎಂಜಿನ್ ರಬ್ಬರ್ ಮೇಲೆ ಕೂತಿದ್ಯಲ್ಲ, ಅದಕ್ಕೆ?" ಅಂತ ಕೇಳಿದರು. ಸರಿಯಾದ ಪ್ರಶ್ನೆ. ಎಂಜಿನ್ ಮೌಂಟ್‌ನಲ್ಲಿ ರಬ್ಬರ್ ಇರುವುದರಿಂದ ಎಂಜಿನ್ನಿಗೂ ವಿಮಾನದ ಮೈಗೂ ಒಳ್ಳೇ ಸಂಪರ್ಕ ಇರುವುದಿಲ್ಲ. ನೇಯ್ದ ತಾಮ್ರದ ಪಟ್ಟಿ ಇಲ್ಲದಿದ್ದರೆ, ಅಥವಾ ಅದು ಸಡಿಲವಾದರೆ, ಸ್ಟಾರ್ಟರ್‌ನ 200 ಆಂಪ್ ಎಂಜಿನ್ ಹತೋಟಿಯ ಥ್ರಾಟಲ್ ಕೇಬಲ್ಲು, ಮಿಕ್ಸ್ಚರ್ ಕೇಬಲ್ಲುಗಳ ಮೂಲಕ ದಾರಿ ಹುಡುಕುತ್ತದೆ. ಕೇಬಲ್ ಕಾದು ಒಳಗೇ ಹಿಡಿದುಕೊಂಡ ವಿಮಾನಗಳಿವೆ. ನನ್ನದರಲ್ಲಿ ಪಟ್ಟಿ ಕ್ರ್ಯಾಂಕ್‌ಕೇಸ್‌ನಿಂದ ನೇರ ಆ ಹಿತ್ತಾಳೆ ಬೋಲ್ಟಿಗೆ ಬಂದಿದೆ. ಲಗ್ (ಕೇಬಲ್ ತುದಿಯ ಲೋಹದ ಕೊಂಡಿ) ಕೂರುವ ಕಡೆ ಪೇಂಟ್ ಕೆರೆದು, ಲೋಹ ಹೊಳೆಯುವಂತೆ ಮಾಡಿ, ಬಿಗಿದ ಮೇಲೆ ಸುತ್ತ ಸೀಲೆಂಟ್ ಸವರಿದ್ದೇನೆ.

ಅಪ್ಪನ ಕೈಲಿ ದೊಡ್ಡ ಲಗ್‌ಗಳ ಕ್ರಿಂಪ್, ಅಂದರೆ ಕೇಬಲ್ ಮೇಲೆ ಅದುಮಿ ಕೂಡಿಸುವ ಕೆಲಸ, ಮಾಡಿಸಿದೆ. ಈ ಕೆಲಸ ಹತ್ತಿರದಿಂದ ನೋಡುವಂಥದ್ದು. 4 ಗೇಜ್ ಕೇಬಲ್‌ನ ಸಿಪ್ಪೆ ಸುಲಿಯುವಾಗ ಒಂದು ಎಳೆ ಕೂಡ ಕಡಿಯಬಾರದು. ತಾಮ್ರದ ಲಗ್‌ನ ಕೊಳವೆಗೆ ಎಳೆಗಳು ತಿರುಚಿಕೊಳ್ಳದೆ ಇಳಿದು, ತುದಿಯ ಕಿಂಡಿಯಲ್ಲಿ ಕಾಣಬೇಕು. ಆಮೇಲೆ ಉದ್ದ ಹಿಡಿಯ ಕ್ರಿಂಪರ್. ಹಿಡಿಗಳು ಪೂರ್ತಿ ಕೂಡಿದಾಗ ಕೊಳವೆ ಆರು ಮೂಲೆಯಾಗುತ್ತದೆ. ಒಂದನ್ನು ಗರಗಸದಲ್ಲಿ ಅಡ್ಡ ಕೊಯ್ದು ನೋಡಿದೆವು. ಎಳೆ ಎಳೆ ಬೇರೆ ಕಾಣಲಿಲ್ಲ. ತಾಮ್ರ ಒಂದೇ ಗಟ್ಟಿಯಾಗಿ, ಜೇನುಗೂಡಿನ ಗೆರೆಗಳು ಮಾತ್ರ ಉಳಿದಿದ್ದವು. ಗಾಳಿಗೆ ಜಾಗವಿಲ್ಲ ಅಂದರೆ ತುಕ್ಕಿಗೂ ಇಲ್ಲ. ಆಮೇಲೆ ಅಂಟು ಇರುವ ಹೀಟ್ ಶ್ರಿಂಕ್. ಬೆಸುಗೆ ಹಾಕಲಿಲ್ಲ. ಬೆಸುಗೆಯ ಸೀಸ ಎಳೆಗಳ ಒಳಗೆ ಏರಿ ನಿಂತ ಕಡೆ ಕೇಬಲ್ ಬಿರುಸಾಗುತ್ತದೆ. ಎಂಜಿನ್ ನಡುಕಕ್ಕೆ ಮುರಿಯುವುದು ಅಲ್ಲೇ.

ಪರೀಕ್ಷೆ. ಬ್ಯಾಟರಿ ಜೋಡಿಸುವ ಮೊದಲು ಪ್ಲಸ್ ಕೇಬಲ್‌ಗೂ ಗ್ರೌಂಡಿಗೂ ನಡುವೆ ಮೀಟರ್ ಹಿಡಿದು ಶಾರ್ಟ್ ಇಲ್ಲ ಅಂತ ಖಚಿತ ಮಾಡಿಕೊಂಡೆ. ಮೊದಲ ಸಲ ದಪ್ಪ ಕೇಬಲ್ ಬದಲು 5 ಆಂಪ್ ಫ್ಯೂಸ್ ಇರುವ ಸಣ್ಣ ವೈರಿನ ಮೂಲಕ ಕರೆಂಟ್ ಕೊಟ್ಟೆ. ಎಲ್ಲಾದರೂ ತಪ್ಪಿದ್ದರೆ ಹೋಗುವುದು ಒಂದು ಫ್ಯೂಸ್ ಮಾತ್ರ. ಟಾಗಲ್ ನಡುವಿಗೆ ತಂದೆ. ಕಾಂಟಾಕ್ಟರ್ 'ಟಕ್' ಅಂದಿತು, ಬಸ್‌ನಲ್ಲಿ 12.6 ವೋಲ್ಟ್. ಆಮೇಲೆ ಪೂರ್ತಿ ಮೇಲಕ್ಕೆ.

ಎಂಜಿನ್ ನಿಂತಿದ್ದರೂ ಫೀಲ್ಡ್ ಕೆಲಸ ಮಾಡುತ್ತದಾ ಅಂತ ನೋಡಲು ಒಂದು ಸುಲಭದ ದಾರಿ ಇದೆ. ಬಸ್ ರೆಗ್ಯುಲೇಟರ್ ಹಿಡಿದಿಡಬೇಕಾದ 14.2 ವೋಲ್ಟ್‌ಗಿಂತ ಕೆಳಗಿದೆಯಲ್ಲ, ಹಾಗಾಗಿ ರೆಗ್ಯುಲೇಟರ್ ಫೀಲ್ಡಿಗೆ ಪೂರ್ತಿ ಕರೆಂಟ್ ಬಿಡುತ್ತದೆ. ಸ್ಕ್ರೂಡ್ರೈವರ್ ತುದಿಯನ್ನು ಆಲ್ಟರ್ನೇಟರ್‌ನ ಹಿಂದಿನ ಬೇರಿಂಗ್ ಹತ್ತಿರ ಹಿಡಿದೆ. ಸುಮ್ನೆ ಹಿಡಿದಿದ್ದ ಸ್ಕ್ರೂಡ್ರೈವರ್ ಎಳೆದುಕೊಂಡು ಹೋಗಿ ಅಂಟಿಕೊಂಡಿತು. ಟಾಗಲ್ ನಡುವಿಗೆ ಇಳಿಸಿದರೆ ಬಿಟ್ಟುಕೊಂಡಿತು. ಪ್ಯಾನೆಲ್‌ನ ಸ್ವಿಚ್ಚಿಂದ ರೋಟರ್‌ವರೆಗೆ ದಾರಿ ಸರಿಯಾಗಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇದನ್ನು ಸ್ವಲ್ಪ ಹೊತ್ತು ಮಾತ್ರ ಮಾಡಬೇಕು. ಗಾಳಿ ಇಲ್ಲದೆ ಫೀಲ್ಡ್ ಕಾಯುತ್ತದೆ.

ಅದೇ ಹೊತ್ತಿನಲ್ಲಿ ಇನ್ನೊಂದು ಅಳತೆ ತೆಗೆದೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ತುಂಬಾ ಮುಖ್ಯವಾದದ್ದು ಇದೇ. ಮೂರು ಆಂಪ್ ಹರಿಯುತ್ತಿರುವಾಗ ಬಸ್‌ಗೂ ರೆಗ್ಯುಲೇಟರ್‌ನ ಪೂರೈಕೆ ಟರ್ಮಿನಲ್‌ಗೂ ನಡುವೆ ಎಷ್ಟು ವೋಲ್ಟ್ ಸೋರುತ್ತಿದೆ? ನನಗೆ 0.34 ಸಿಕ್ಕಿತು. ಎರಡು ಮೀಟರ್ 20 ಗೇಜ್ ವೈರಿಗೇ 0.2 ಹೋಗುತ್ತದೆ ಅಂತ ಲೆಕ್ಕ ಹೇಳುತ್ತದೆ. ಬ್ರೇಕರ್ ಒಳಗೆ 0.1ರಷ್ಟು. ಮಿಕ್ಕಿದ್ದು ಸ್ವಿಚ್ ಮತ್ತು ಕ್ರಿಂಪ್‌ಗಳ ಪಾಲು. ಸರಿ ಇದೆ.

ಇದು ಯಾಕೆ ಮುಖ್ಯ ಅಂದರೆ, ಪಕ್ಕದ ಹ್ಯಾಂಗರ್‌ನವರ ಹಳೇ ವಿಮಾನದಲ್ಲಿ ಅಮ್ಮೀಟರ್ ಮುಳ್ಳು ಸದಾ ನಡುಗುತ್ತಿತ್ತು. ಆಲ್ಟರ್ನೇಟರ್ ಬದಲಿಸಿದ್ದರು, ರೆಗ್ಯುಲೇಟರ್ ಬದಲಿಸಿದ್ದರು. ನಡುಕ ಹೋಗಲಿಲ್ಲ. ನನ್ನ ಮೀಟರ್ ತಗೊಂಡು ಹೋಗಿ ಇದೇ ಜಾಗದಲ್ಲಿ ಅಳೆದರೆ ಒಂದು ವೋಲ್ಟ್‌ಗಿಂತ ಜಾಸ್ತಿ ಸೋರಿಕೆ. ಆ ರೆಗ್ಯುಲೇಟರ್ ಬಸ್ ವೋಲ್ಟೇಜನ್ನು ನೋಡುವುದೂ, ಫೀಲ್ಡ್ ಕರೆಂಟ್ ಎಳೆಯುವುದೂ ಒಂದೇ ವೈರಿನಲ್ಲಿ. ಫೀಲ್ಡ್ ಜಾಸ್ತಿ ಮಾಡಿದ ಕೂಡಲೇ ವೈರಿನಲ್ಲಿ ಸೋರಿಕೆ ಜಾಸ್ತಿಯಾಗಿ ಬಸ್ ಇನ್ನೂ ಕೆಳಗಿದೆ ಅಂತ ಕಾಣುತ್ತದೆ, ಇನ್ನೂ ಜಾಸ್ತಿ ಮಾಡುತ್ತದೆ. ಬಸ್ ಮೇಲೇರಿದ ಮೇಲೆ ಫೀಲ್ಡ್ ಕಡಿಮೆ ಮಾಡಿದರೆ ಸೋರಿಕೆ ಇಳಿದು ಬಸ್ ವಿಪರೀತ ಮೇಲಿದೆ ಅನ್ನಿಸುತ್ತದೆ. ಈ ಜಗ್ಗಾಟವೇ ಮುಳ್ಳಿನ ನಡುಕ. ಅವರ ವಿಮಾನದಲ್ಲಿ ಸವೆದದ್ದು ಮಾಸ್ಟರ್ ಸ್ವಿಚ್ಚಿನ ಆಲ್ಟರ್ನೇಟರ್ ಅರ್ಧ. ಹೊಸ ಸ್ವಿಚ್ ಹಾಕಿದರು, ಮುಳ್ಳು ನಿಂತಿತು. ದೊಡ್ಡ ಸಾಮಾನು ಬದಲಿಸುವ ಮೊದಲು ಬ್ರೇಕರ್, ಸ್ವಿಚ್, ಕ್ರಿಂಪ್, ಒಂದೊಂದರ ಎರಡೂ ಕಡೆ ಮೀಟರ್ ಹಿಡಿದು ನೋಡಿ. ಖರ್ಚಿಲ್ಲದ ಕೆಲಸ.

ಹೋದ ಶನಿವಾರ ಎಂಜಿನ್ ಓಡಿಸಿದೆವು. ಟಾಗಲ್ ನಡುವಿನಲ್ಲಿಟ್ಟು ಸ್ಟಾರ್ಟ್ ಮಾಡಿದೆ. ಸ್ಟಾರ್ಟರ್ ತಿರುಗುವಾಗ ಆಲ್ಟರ್ನೇಟರ್ ಫೀಲ್ಡಿಗೆ ಮೂರು ಆಂಪ್ ಕೊಡುವ ಅಗತ್ಯ ಏನೂ ಇಲ್ಲ. ಎಣ್ಣೆ ಒತ್ತಡ ಬಂದ ಮೇಲೆ ಟಾಗಲ್ ಮೇಲಕ್ಕೆ. ಬಸ್ 12.4ರಿಂದ 14.2ಕ್ಕೆ ಏರಿ ನಿಂತಿತು. ಅಮ್ಮೀಟರ್ 22 ಆಂಪ್ ತೋರಿಸಿ, ಬ್ಯಾಟರಿ ತುಂಬುತ್ತಾ ಬಂದ ಹಾಗೆ ಇಳಿಯಿತು. 1500 ಆರ್‌ಪಿಎಮ್‌ನಲ್ಲಿ ಟಾಗಲ್ ಮತ್ತೆ ನಡುವಿಗೆ: ವೋಲ್ಟ್ ಇಳಿಯಿತು, ಲೋ ವೋಲ್ಟೇಜ್ ದೀಪ ಮಿನುಗಿತು. ಮೇಲಕ್ಕೆ ಹಾಕಿ 5 ಆಂಪ್ ಬ್ರೇಕರ್ ಎಳೆದೆ. ಅದೇ ಫಲ. ಕೊನೆಗೆ ಟಾಗಲ್ ಪೂರ್ತಿ ಕೆಳಕ್ಕೆ. ಪ್ಯಾನೆಲ್ ಕತ್ತಲಾಯಿತು, ಎಂಜಿನ್ ಒಂದು ಸುತ್ತೂ ತಪ್ಪದೆ ಓಡುತ್ತಲೇ ಇತ್ತು.

ಉಳಿದಿರುವುದು ಆಲ್ಟರ್ನೇಟರ್ ಕೈಕೊಟ್ಟಾಗ ಬಳಸುವ ಎರಡನೇ ಬಸ್. ಅದರ ಮೇಲೆ ಒಂದು ರೇಡಿಯೊ, ರೇಡಾರ್‌ಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರ್, ಒಂದು ಸ್ಕ್ರೀನ್ ಇರುತ್ತವೆ, ಒಟ್ಟು ಸುಮಾರು 4 ಆಂಪ್. ಕಾಂಟಾಕ್ಟರ್ ಬಿಟ್ಟು ನೇರ ಬ್ಯಾಟರಿಯಿಂದ ಅದಕ್ಕೆ ಬೇರೆ ದಾರಿ ಕೊಡುತ್ತಿದ್ದೇನೆ, ಕಾಂಟಾಕ್ಟರ್ ತಿನ್ನುವ ಕರೆಂಟೂ ಉಳಿಯಲಿ ಅಂತ. ಕಾಗದದ ಮೇಲೆ 16 ಆಂಪ್-ಅವರ್‌ಗೆ ನಾಲ್ಕು ಗಂಟೆ ಬರುತ್ತದೆ. ಚಳಿ, ಬ್ಯಾಟರಿಯ ವಯಸ್ಸು ಎಲ್ಲ ಕಳೆದು ನಾನು ಎರಡು ಗಂಟೆ ಅಂತಲೇ ಹಿಡಿಯುತ್ತೇನೆ. ಈ ಬಸ್‌ನ ಕರೆಂಟ್ ತಿರುಗಿ ಮೇನ್ ಬಸ್‌ಗೆ ಹೋಗದಂತೆ ತಡೆಯುವ ಡಯೋಡ್ ಬಂದಿದೆ. ಅದರ ಅಲ್ಯೂಮಿನಿಯಂ ತಟ್ಟೆಗೆ ತೂತು ಕೊರೆಯುವುದು ಮುಂದಿನ ಕೆಲಸ.